ಗುಂಡುಸೂಜಿಯ ಪ್ಯಾಂಟು, ಮೂರು ಜನ ದೊಡ್ಡವರು

ನನ್ನ ಅಣ್ಣ ದರ್ಜಿ. ಬರೀ ದರ್ಜಿ ಅಂದರೆ ಅವನಿಗೆ ಅವಮಾನ ಮಾಡಿದ ಹಾಗೆ. ಅವನು ಶಾಲೆಯ ಹುಡುಗರ ಪ್ಯಾಂಟು ಹೊಲಿಯುವ ದರ್ಜಿ. ದೊಡ್ಡವರ ಪ್ಯಾಂಟನ್ನು ಯಾವ ದಡ್ಡನಾದರೂ ಹೊಲಿಯಬಹುದು, ಯಾಕೆಂದರೆ ದೊಡ್ಡವರು ಅಡ್ಡಡ್ಡ ಮಾತ್ರ ಬೆಳೆಯುತ್ತಾರೆ. ಹುಡುಗರ ಪ್ಯಾಂಟು ಇವತ್ತಿನ ಕಾಲಿಗೆ ಹೊಲಿಯುವುದಲ್ಲ, ಬರುವ ವರ್ಷದ ಕಾಲಿಗೆ ಹೊಲಿಯುವುದು. ಅದಕ್ಕೇ ಕಾಲಿನ ತುದಿಯಲ್ಲಿ ಹೆಚ್ಚಿನ ಬಟ್ಟೆಯನ್ನು ಒಳಗೆ ಮಡಿಸಿ ಬಿಡುವುದು. ಹುಡುಗ ಉದ್ದವಾದ ಹಾಗೆ ಮಡಿಕೆ ಬಿಚ್ಚಿ ಇಳಿಸುತ್ತಾ ಹೋಗುವುದು.

ಯಾರಿಗೆ ಎಷ್ಟು ಮಡಿಕೆ ಎನ್ನುವುದರಲ್ಲಿ ಅಣ್ಣನಿಗೆ ಸಾಟಿ ಇಲ್ಲ. ಹುಡುಗನ ಪಾದ ನೋಡುತ್ತಾನೆ. ಜೊತೆಗೆ ಬಂದ ಅಪ್ಪನ ಮಣಿಕಟ್ಟು ನೋಡುತ್ತಾನೆ. "ಇವನು ರಜೇಲಿ ಚಿಗುರ್ತಾನೆ, ಜಾಸ್ತಿ ಬಿಡ್ತೀನಿ" ಅನ್ನುತ್ತಾನೆ. ರಜೆ ಮುಗಿಯುವ ಹೊತ್ತಿಗೆ ಹುಡುಗ ಚಿಗುರಿರುತ್ತಾನೆ. ನಮ್ಮ ಬೀದಿಯ ತಾಯಂದಿರು ಅವನ ಹತ್ತಿರ ಪ್ಯಾಂಟು ಹೊಲಿಸಲು ಬರುತ್ತಾರೋ ಭವಿಷ್ಯ ಕೇಳಲು ಬರುತ್ತಾರೋ ಎಂದು ಹೊಲಿಗೆ ಯಂತ್ರದ ಮುಂದೆ ಕೂತ ನನಗೇ ಎಷ್ಟೋ ಸಲ ಅನುಮಾನ ಬಂದಿದೆ.

ಇಂಥವನಿಗೆ ಒಬ್ಬನೇ ಮಗ. ವಯಸ್ಸು ಹದಿಮೂರು ದಾಟಿತ್ತು. ಮೈ ಸಣ್ಣದು, ತಲೆ ಗುಂಡಗೆ, ಮಾತು ಚುಚ್ಚುವಂಥದ್ದು; ಆದ್ದರಿಂದ ಅಂಗಡಿಯಲ್ಲೂ ಬೀದಿಯಲ್ಲೂ ಅವನು ಗುಂಡುಸೂಜಿ. ಮಗನ ಪ್ಯಾಂಟಿಗೆ ಅಣ್ಣ ಬಿಟ್ಟಷ್ಟು ಮಡಿಕೆಯನ್ನು ಪ್ರಪಂಚದ ಯಾವ ದರ್ಜಿಯೂ ಯಾವ ಹುಡುಗನಿಗೂ ಬಿಟ್ಟಿರಲಾರ. ಅದರ ಭಾರಕ್ಕೆ ಹುಡುಗ ನಡೆದರೆ ಪ್ಯಾಂಟಿನ ಕಾಲು ಗಂಟೆಯ ನಾಲಗೆಯ ಹಾಗೆ ಅತ್ತಿತ್ತ ತೂಗುತ್ತಿತ್ತು. ಬೀದಿಯ ಹುಡುಗರೆಲ್ಲ ಒಂದೊಂದೇ ಮಡಿಕೆ ಇಳಿಸಿಕೊಂಡು ಹೋದರು. ಗುಂಡುಸೂಜಿಯ ಮಡಿಕೆ ಮಾತ್ರ ಹೊಲಿದ ದಿನ ಹೇಗಿತ್ತೋ ಹಾಗೇ ಇತ್ತು.

ಹೆಣ್ಣುಮಗಳಾದರೆ ಮನೆಯ ಹೆಂಗಸರು ತಮ್ಮ ತಮ್ಮಲ್ಲೇ ಏನೋ ಪಿಸುಗುಟ್ಟಿ ಹೇಗೋ ದಾರಿ ಕಂಡುಕೊಳ್ಳುತ್ತಾರೆ. ಗಂಡುಹುಡುಗ ಯಾವಾಗ ದೊಡ್ಡವನಾಗಬೇಕು, ಗಂಟಲು ಯಾವಾಗ ಒಡೆಯಬೇಕು, ಮೀಸೆ ಯಾವಾಗ ಚಿಗುರಬೇಕು, ತಡವಾದರೆ ಯಾರನ್ನು ಕೇಳಬೇಕು? ಅಣ್ಣ ಪಕ್ಕದ ಹೇರ್ ಕಟಿಂಗ್ ಅಂಗಡಿಯವನನ್ನು ಕೇಳಿದ. ಆಸಾಮಿ ಕತ್ತರಿ ಗಾಳಿಯಲ್ಲಿ ಆಡಿಸುತ್ತಾ, "ಮೀಸೆ ಅನ್ನೋದು ಧೈರ್ಯದಿಂದ ಬರೋದು. ಹುಡುಗನ್ನ ಸ್ವಲ್ಪ ಬೈದು ನೋಡಿ" ಅಂದ. ಅತ್ತಿಗೆ ತನ್ನ ಅಕ್ಕನನ್ನು ಕೇಳಿದಳು. ಆ ದೊಡ್ಡಮ್ಮನ ಮಗ ಗುಂಡುಸೂಜಿಯ ತರಗತಿಯವನೇ. ಆಗಲೇ ಮೂಗಿನ ಕೆಳಗೆ ಕಪ್ಪು ಗೆರೆ, ಗಂಟಲಲ್ಲಿ ಡ್ರಮ್ಮು. ದೊಡ್ಡಮ್ಮ ಅದನ್ನು ತಾನೇ ಕೂತು ಹೆಣೆದ ಸ್ವೆಟರಿನ ಹಾಗೆ ತೋರಿಸಿ, "ನಾನು ಹಾಲು ಕೊಟ್ಟೆ, ನೀನೇನು ಕೊಟ್ಟೆ?" ಅಂದಳು. ಅತ್ತಿಗೆಯೂ ಹಾಲೇ ಕೊಟ್ಟಿದ್ದಳು. ಆದರೆ ಹಾಗನ್ನಲು ಅವಳಿಗೆ ಯಾಕೋ ನಾಚಿಕೆಯಾಯಿತು.

ಈ ಗಾಯಕ್ಕೆ ಉಪ್ಪು ಸವರಿದ್ದು ಶಾಲೆಯ ಪಿ.ಟಿ. ಮೇಷ್ಟ್ರು. ಮನುಷ್ಯರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವುದರಿಂದ ದೇಶ ಉದ್ಧಾರವಾಗುತ್ತದೆ ಎಂದು ನಂಬಿದ ಮಹಾನುಭಾವ. ಒಂದು ದಿನ ಅವರು ಗುಂಡುಸೂಜಿಯನ್ನು ಅವನ ತರಗತಿಯ ಸಾಲಿನಿಂದ ಈಚೆ ಎಳೆದು ಚಿಕ್ಕ ತರಗತಿಯ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ, "ಇಲ್ಲಿ ಸಮ ಕಾಣ್ತೀಯ" ಅಂದರಂತೆ. ಅದೇ ಸಂಜೆ ಅಂಗಡಿಯ ಫೋನು ಎತ್ತಿದ ಹುಡುಗನಿಗೆ ಯಾವುದೋ ಗಿರಾಕಿ, "ಪುಟ್ಟಿ, ಅಪ್ಪ ಇದ್ದಾರೇನಮ್ಮ?" ಎಂದು ಕೇಳಿದ. ಮಾರನೆಯ ಬೆಳಿಗ್ಗೆ ಹುಡುಗನಿಗೆ ಎಚ್ಚರವಾದಾಗ ಅಪ್ಪ ಹಾಸಿಗೆಯ ಪಕ್ಕ ಮಂಡಿಯೂರಿ ಟೇಪು ಹಿಡಿದು ತನ್ನನ್ನು ಅಳೆಯುತ್ತಿದ್ದಾನೆ. ಮಲಗಿದವರು ನಿಂತವರಿಗಿಂತ ಚೂರು ಉದ್ದ ಇರುತ್ತಾರೆ ಎಂಬ ಆಸೆಯಿಂದ ಅಣ್ಣ ಇದನ್ನು ಆಗಾಗ ಮಾಡುತ್ತಿದ್ದ.

ಹುಡುಗ ಎದ್ದು ಕೂತ. ಕೂಗಾಡಲಿಲ್ಲ.

"ನಾನು ಇನ್ಮೇಲೆ ಸ್ಕೂಲಿಗೆ ಹೋಗಲ್ಲ. ನನ್ನ ಮೈಗೆ ಯಾರಾದ್ರೂ ಟೇಪು ಮುಟ್ಟಿಸಿದ್ರೆ ಮನೇಲೂ ಇರಲ್ಲ."

ಹೋಗಲಿಲ್ಲ. ಅತ್ತಿಗೆ ಬೇಡಿಕೊಂಡಳು, ಅಣ್ಣ ಗದರಿದ, ಕಟಿಂಗ್ ಅಂಗಡಿಯವನು ಕತ್ತರಿ ಹಿಡಿದು ಬಂದು ಬುದ್ಧಿ ಹೇಳಿದ. ಹುಡುಗ ಅಂಗಡಿಯ ಮೂಲೆಯಲ್ಲಿ ಚಿಂದಿ ಬಟ್ಟೆಯ ಮೂಟೆಯ ಮೇಲೆ ಕೂತು, "ನಂಗೂ ಮಷೀನ್ ಕಲಿಸು ಚಿಕ್ಕಪ್ಪ, ಇಲ್ಲೇ ಇದ್ದುಬಿಡ್ತೀನಿ" ಅಂದ. ಶಾಲೆ ಬಿಟ್ಟು ಇದೇ ಮೂಟೆಯ ಮೇಲೆ ಕೂತವನು ನಾನು. ನನ್ನನ್ನು ಶಾಲೆ ಬಿಡಿಸಿದವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ; ಅದು ಬೇರೆ ಪುರಾಣ, ಇಲ್ಲಿ ಬೇಡ. ಆದರೆ ಲೆಕ್ಕದಲ್ಲಿ ತರಗತಿಗೇ ಮುಂದಿದ್ದ ಹುಡುಗ ಬರೀ ಕಾಲಿನ ಉದ್ದ ಸಾಲದೆಂದು ಆ ಮೂಟೆಯ ಮೇಲೆ ಬಂದು ಕೂತಿದ್ದು ನೋಡಿ ನನಗೆ ಯಂತ್ರದ ಪೆಡಲು ಮುರಿಯುವಷ್ಟು ರೋಷ ಬಂತು.

ಅಣ್ಣನಿಗೆ ರೋಷ ಬರುವುದಿಲ್ಲ. ಅವನಿಗೆ ಉಪಾಯ ಬರುತ್ತದೆ, ಅದು ಇನ್ನೂ ಅಪಾಯ.

ನನಗೂ ಹೇಳದೆ ಅವನು ಮಗನ ಪ್ಯಾಂಟು ತೆಗೆದುಕೊಂಡು ಮಡಿಕೆ ಬಿಚ್ಚಿ, ಅರ್ಧ ಬೆರಳು ಮೇಲಕ್ಕೆ ಮಡಿಸಿ ಮತ್ತೆ ಹೊಲಿದ. ಹುಡುಗನನ್ನು ಉದ್ದ ಮಾಡಲು ಅವನಿಂದ ಆಗುತ್ತಿರಲಿಲ್ಲ. ಪ್ಯಾಂಟನ್ನು ಗಿಡ್ಡ ಮಾಡಲು ಆಗುತ್ತಿತ್ತು. ತನ್ನ ಕೈಯಲ್ಲಿ ಏನಿದೆಯೋ ಅದನ್ನು ಮಾಡುವವನೇ ಅಪ್ಪ. ಅದೇನು ಹೊಲಿಗೆ ಅಂತೀರಿ, ಅಲ್ಲಿ ಒಂದು ಕೈ ಆಡಿದೆ ಎಂದು ಸಾಕ್ಷಾತ್ ಸೂಜಿಗೂ ಗೊತ್ತಾಗುವಂತಿರಲಿಲ್ಲ. ಆಮೇಲೆ ಹುಡುಗನಿಗೆ, "ಪ್ಯಾಂಟು ಒಂದ್ಸಲ ಹಾಕ್ಕೊಂಡು ನೋಡು, ಧೂಳು ಹಿಡೀತಿದೆ" ಅಂದ.

ಹುಡುಗ ಹಾಕಿಕೊಂಡ. ಕೆಳಗೆ ನೋಡಿದ. ಹಿಮ್ಮಡಿ ಕಾಣಿಸುತ್ತಿತ್ತು.

"ಅಮ್ಮಾ," ಅಂದ, ಆದಷ್ಟು ಬಿಗಿ ಧ್ವನಿಯಲ್ಲಿ. "ಪ್ಯಾಂಟು ಗಿಡ್ಡ ಆದ ಹಾಗಿದೆ."

ಅತ್ತಿಗೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಬಂದು ನೋಡಿದಳು. ಮಂಡಿಯೂರಿ ನೋಡಿದಳು. ಎದ್ದು ಹಿಂದೆ ಹೋಗಿ ನೋಡಿದಳು. ಅಡುಗೆಮನೆಗೆ ಹೋಗಿ ಅವನಿಗೆ ಒಂದು ಮೊಟ್ಟೆ ಜಾಸ್ತಿ ಬೇಯಿಸಿದಳು. ಹುಡುಗ ಬ್ಯಾಗು ಹೆಗಲಿಗೇರಿಸಿ ತಾನೇ ಶಾಲೆಗೆ ಹೊರಟ. ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಒಬ್ಬ ಮಂತ್ರಿ ಸೇತುವೆ ಉದ್ಘಾಟನೆ ಮಾಡಿ ನೋಡುವ ನೋಟ ಅದು. ವ್ಯತ್ಯಾಸ ಇಷ್ಟೇ, ಈ ಸೇತುವೆಯ ಮೇಲೆ ನಿಜವಾಗಿ ಒಬ್ಬರು ನಡೆದು ಹೋದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಮನೆಯಲ್ಲಿ ಮಗನನ್ನು ಪ್ರೀತಿಸುವವನು ಅಣ್ಣ ಒಬ್ಬನೇ ಆಗಿರಲಿಲ್ಲ.

ಅಣ್ಣ ಊಟಕ್ಕೆ ಹೋದ ಹೊತ್ತು ನೋಡಿ ಅತ್ತಿಗೆ ಸೆರಗಿನಲ್ಲಿ ಪ್ಯಾಂಟು ಮುಚ್ಚಿಕೊಂಡು ಅಂಗಡಿಗೆ ಬಂದಳು. ಅವತ್ತು ಶಾಲೆಗೆ ರಜೆ.

"ಇದನ್ನ ಅರ್ಧ ಬೆರಳು ಇಳಿಸಿಕೊಡಪ್ಪಾ. ನಿಮ್ಮಣ್ಣನಿಗೆ ಹೇಳ್ಬೇಡ."

"ಯಾಕೆ ಹೇಳ್ಬಾರ್ದು ಅತ್ತಿಗೆ? ಸಂತೋಷದ ವಿಷ್ಯ ಅಲ್ವಾ?"

"ಸಂತೋಷ ಆದ್ರೆ ಅವರು ಟೇಪು ತರ್ತಾರೆ. ಟೇಪು ಬಂದ್ರೆ ಇವನು ಮತ್ತೆ ಕೂತ್ಕೊಂಬಿಡ್ತಾನೆ. ಗಿಡ್ಡ ಪ್ಯಾಂಟು ಹಾಕ್ಕೊಂಡು ಹೋದ್ರೆ ಹುಡುಗ್ರು ನಗ್ತಾರೆ. ಸುಮ್ನೆ ಇಳಿಸು."

ಮಾತಿನಲ್ಲಿ ನ್ಯಾಯ ಇತ್ತು. ಇಳಿಸಿಕೊಟ್ಟೆ. ಅದೇ ಯಂತ್ರ, ಅದೇ ದಾರ, ಅಣ್ಣನಿಂದಲೇ ಕಲಿತ ಅದೇ ಹೊಲಿಗೆ.

ಮಾರನೆಯ ದಿನ ಅಣ್ಣ ನೋಡುತ್ತಾನೆ, ಪ್ಯಾಂಟಿನ ತುದಿ ಮತ್ತೆ ಹಿಮ್ಮಡಿ ಮುಚ್ಚಿದೆ. ಹುಡುಗ ಬಟ್ಟೆ ಬದಲಿಸಿದ ಮೇಲೆ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ತನ್ನದೇ ಹೊಲಿಗೆ. ತಾನು ಮೇಲಕ್ಕೆ ಮಡಿಸಿ ಹೊಲಿದಿದ್ದು ಹಾಗೇ ಇದೆ. ಆದರೂ ಪ್ಯಾಂಟು ಉದ್ದ. ಪ್ಯಾಂಟು ಬೆಳೆಯುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ. ಅಣ್ಣ ಇನ್ನೊಂದಿಷ್ಟು ಮೇಲಕ್ಕೆ ಮಡಿಸಿ ಹೊಲಿದ.

ಮತ್ತೆ ಅತ್ತಿಗೆ ಬಂದಳು. "ಮೊನ್ನೆ ಇಳಿಸಿದ್ದು ಆಗ್ಲೇ ಸಾಲ್ತಿಲ್ಲ ಕಣೋ." ಅವಳ ಮುಖದಲ್ಲಿ ಈಗ ಅರ್ಧ ಹೆಮ್ಮೆ, ಅರ್ಧ ಗಾಬರಿ. ನಾನು ಇಳಿಸಿದೆ. ಅಣ್ಣ ನನಗೆ ಗೊತ್ತಾಗದ ಹಾಗೆ ಏರಿಸಿದ. ನಾನು ಇಳಿಸಿದೆ. ಎಷ್ಟು ಇಳಿಸಿದರೂ ಒಳಗಿನ ಮಡಿಕೆ ಖಾಲಿಯಾಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಅನುಮಾನಪಡುತ್ತಿದ್ದರು. ನಾನು ಮನಸ್ಸಿನಲ್ಲೇ ಅಣ್ಣನಿಗೆ ಕೈಮುಗಿದೆ: ಎಷ್ಟು ಬಟ್ಟೆ ಬಿಟ್ಟಿದ್ದಾನಪ್ಪಾ ಪುಣ್ಯಾತ್ಮ, ಎಂಥ ದೂರದೃಷ್ಟಿ.

ಅಣ್ಣ ಊಟ ಕಡಿಮೆ ಮಾಡಿದ. ಒಂದು ಮಧ್ಯಾಹ್ನ ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತು, ಕತ್ತಿನ ಸುತ್ತ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡದೆ ಕೇಳಿದ.

"ನನ್ನ ಗಿರಾಕಿ ಒಬ್ಬರ ವಿಷ್ಯ. ಮನುಷ್ಯ ಕುಗ್ಗೋದು ಅಂತ ಇದ್ಯಾ?"

"ಇದೆ," ಅಂದ ಕಟಿಂಗ್ ಅಂಗಡಿಯವನು. ಅವನು ಇಲ್ಲ ಎಂದು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ. "ವಯಸ್ಸಾದ ಮೇಲೆ ಬೆನ್ನು ಬಾಗಿ ಕುಗ್ತಾರೆ. ನಿಮ್ಮ ಗಿರಾಕಿಗೆ ಎಷ್ಟು ವಯಸ್ಸು?"

ಅಣ್ಣ ಕತ್ತಿನ ಬಟ್ಟೆಯ ಅಂಚು ಮಡಿಸಿದ, ಬಿಚ್ಚಿದ.

"ತುಂಬ ವಯಸ್ಸಾಗಿದ್ರೆ ಏನೂ ಮಾಡಕ್ಕಾಗಲ್ಲ ಬಿಡಿ. ಮಕ್ಕಳಿಗೆ ತಿಳಿಸಿಬಿಡೋಕೆ ಹೇಳಿ."

ಅಣ್ಣ ಅರ್ಧ ಕ್ಷೌರಕ್ಕೇ ಎದ್ದು ಬಂದ. ಆ ವಾರವೆಲ್ಲ ಅವನ ಒಂದು ಕಿವಿಯ ಮೇಲೆ ಕೂದಲಿತ್ತು, ಇನ್ನೊಂದರ ಮೇಲೆ ಇರಲಿಲ್ಲ.

ಅದರ ಮೇಲೆ ಪಿ.ಟಿ. ಮೇಷ್ಟ್ರು ಸ್ವತಃ ಅಂಗಡಿಗೆ ಬಿಜಯಂಗೈದರು. ಕೊರಳಲ್ಲಿ ಸೀಟಿ, ಮುಖದಲ್ಲಿ ಶಿಸ್ತು.

"ನಿಮ್ಮ ಮಗ ಎಷ್ಟು ಪ್ಯಾಂಟು ಇಟ್ಕೊಂಡಿದ್ದಾನೆ?"

"ಒಂದೇ ಸಾರ್," ಅಂದ ಅಣ್ಣ. ದರ್ಜಿಯ ಮಗನಿಗೆ ಎಲ್ಲಾದರೂ ಎರಡು ಇರುತ್ತದೆಯೇ? ಗಿರಾಕಿಗಳದ್ದು ಮುಗಿದರೆ ತಾನೇ.

"ಸುಳ್ಳು ಹೇಳ್ಬೇಡಿ. ಒಂದು ದಿನ ಕಾಲುಚೀಲ ಪೂರ್ತಿ ಕಾಣತ್ತೆ. ಮಾರನೇ ದಿನ ಬೂಟು ಮುಚ್ಚಿರತ್ತೆ. ಮತ್ತೆ ಕಾಲುಚೀಲ. ನಾನು ಸಾಲು ನಿಲ್ಲಿಸೋದು ಹೇಗೆ? ಹುಡುಗ ಉದ್ದ ಆಗ್ತಿದ್ದಾನೋ ಗಿಡ್ಡ ಆಗ್ತಿದ್ದಾನೋ, ಏನಾದ್ರೂ ಒಂದು ಮಾಡಕ್ಕೆ ಹೇಳಿ. ಶಿಸ್ತು ಅನ್ನೋದು ಬೇಡ್ವಾ?"

ಅಣ್ಣ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ತನ್ನ ಕಣ್ಣಿಗೆ ಮಾತ್ರ ಕಾಣುತ್ತಿದೆ ಎಂದುಕೊಂಡಿದ್ದಕ್ಕೆ ಈಗ ಸರ್ಕಾರಿ ಸಾಕ್ಷಿ ಸಿಕ್ಕಿತ್ತು. ನಾನು ಮಾತ್ರ, "ಸಾರ್, ಸಾಲನ್ನ ಅಡ್ಡ ಮಲಗಿಸಿ ನೋಡಿ, ಎಲ್ಲಾ ಒಂದೇ ಎತ್ತರ ಕಾಣ್ತಾರೆ" ಅಂದೆ. ಅವರು ಸೀಟಿ ಬಾಯಿಗೆ ಇಟ್ಟುಕೊಂಡು, ಊದದೆ, ಹೊರಟುಹೋದರು.

ಆ ಸಂಜೆ ಅತ್ತಿಗೆ ಗಂಡನ ಮುಂದೆ ಕೂತು ಮೆಲ್ಲಗೆ, "ಹುಡುಗನ್ನ ಒಂದ್ಸಲ ಮಕ್ಕಳ ಡಾಕ್ಟರಿಗೆ ತೋರಿಸೋಣ್ವಾ?" ಅಂದಳು. ಅಣ್ಣ, "ನಾಳೇನೇ" ಅಂದ. ಯಾಕೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರೂ ಒಬ್ಬರ ಎದೆ ಒಡೆಯಬಾರದೆಂದು ಇನ್ನೊಬ್ಬರಿಂದ ಮುಚ್ಚಿಟ್ಟರು. ಇಂಥ ಸಂಸಾರ ನೂರು ಹುಡುಕಿದರೂ ಸಿಗುವುದಿಲ್ಲ, ಸಿಗದಿರುವುದೂ ಒಳ್ಳೆಯದೇ. ಹುಡುಗನಿಗೆ ಅತ್ತಿಗೆ, "ನೀನು ಬೆಳೀತಿರೋ ವೇಗ ನೋಡಿದ್ರೆ ಒಂದ್ಸಲ ಕೇಳೋದು ಒಳ್ಳೇದು ಮರಿ" ಅಂದಾಗ ಅವನು ಚಡ್ಡಿಯಲ್ಲೇ ಎದೆ ಸೆಟೆಸಿಕೊಂಡು ಹೊರಟ. ಪ್ಯಾಂಟನ್ನು ಸಾಕ್ಷಿಗಾಗಿ ಚೀಲದಲ್ಲಿ ಹಾಕಿಕೊಂಡು ನಾನು ಹಿಂದೆ ಹೊರಟೆ. ನಮ್ಮ ಸಾಲಿನಲ್ಲಿ ಅವತ್ತು ಎಲ್ಲರಿಗಿಂತ ಎತ್ತರಕ್ಕೆ ಕಂಡವನು ಅವನೇ.

ಮಕ್ಕಳ ಡಾಕ್ಟರು ಹೆಂಗಸು. ಕನ್ನಡಕ ಹಣೆಯ ಮೇಲೆ, ಮಾತು ನೇರ.

"ಏನು ತೊಂದ್ರೆ?"

"ವಿಪರೀತ ಬೆಳೀತಿದ್ದಾನೆ," ಅಂದಳು ಅತ್ತಿಗೆ.

"ಕುಗ್ತಿದ್ದಾನೆ," ಅಂದ ಅಣ್ಣ.

ಇಬ್ಬರೂ ಒಂದೇ ಉಸಿರಿಗೆ ಅಂದಿದ್ದು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಡಾಕ್ಟರು ಕನ್ನಡಕ ಮೂಗಿಗೆ ಇಳಿಸಿ ನನ್ನನ್ನು ನೋಡಿದರು.

"ನೀವು ಯಾರು?"

"ಚಿಕ್ಕಪ್ಪ. ಪ್ಯಾಂಟು ತಂದಿದ್ದೀನಿ."

"ಎಲ್ಲಾ ಹೊರಗೆ ಹೋಗಿ. ಹುಡುಗ ಇರಲಿ."

ಹೊರಗಿನ ಬೆಂಚಿನ ಮೇಲೆ ನಾವು ಮೂವರು ಕೂತೆವು. ಗೋಡೆಯ ಮೇಲೆ ಹಲ್ಲುಜ್ಜುವ ಕರಡಿಯ ಚಿತ್ರ. ಎದುರಿಗೆ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಕುಣಿಸುತ್ತಿದ್ದಳು. ಅತ್ತಿಗೆ ಹಲ್ಲು ಕಚ್ಚಿ, "ಕುಗ್ಗೋದು ಅಂದ್ರೇನ್ರೀ?" ಅಂದಳು. ಅಣ್ಣ, "ಬೆಳೆಯೋದು ಅಂದ್ರೇನೇ?" ಅಂದ. ನಾನು ಕರಡಿಯನ್ನು ನೋಡಿದೆ. ಬಾಗಿಲ ಹಿಂದಿನಿಂದ ಗುಂಡುಸೂಜಿಯ ಸಣ್ಣ ಧ್ವನಿ ಬರುತ್ತಲೇ ಇತ್ತು. ಅವನು ಏನೇನೋ ಕೇಳುತ್ತಿದ್ದ, ಡಾಕ್ಟರು ಒಂದೊಂದಕ್ಕೂ ಹೇಳುತ್ತಿದ್ದರು. ಒಮ್ಮೆ ಇಬ್ಬರೂ ನಕ್ಕರು.

ಮತ್ತೆ ಒಳಗೆ ಕರೆದರು.

"ನಿಮ್ಮ ಮಗ ಚೆನ್ನಾಗಿದ್ದಾನೆ. ಗಂಡುಹುಡುಗ್ರಲ್ಲಿ ಈ ಬದಲಾವಣೆ ಒಬ್ಬೊಬ್ಬರಿಗೆ ಒಂದೊಂದು ಕಾಲಕ್ಕೆ ಶುರುವಾಗತ್ತೆ. ಒಂಬತ್ತಕ್ಕೆ ಆಗೋರಿದ್ದಾರೆ, ಹದಿನಾಲ್ಕಕ್ಕೆ ಆಗೋರಿದ್ದಾರೆ. ಎರಡೂ ಸರೀನೇ. ಮೀಸೆ, ಗಂಟಲು ಒಡೆಯೋದು, ದಿಢೀರ್ ಅಂತ ಉದ್ದ ಆಗೋದು, ಇವೆಲ್ಲ ಶುರುವಲ್ಲ, ಆಮೇಲಿಂದು. ಶುರುವಾಗೋದು ಹೊರಗೆ ಯಾರಿಗೂ ಕಾಣಲ್ಲ. ಇವನಿಗೆ ಶುರುವಾಗಿದೆ. ಹದಿನಾಲ್ಕು ದಾಟಿದ್ರೂ ಏನೂ ಶುರುವಾಗದೇ ಇದ್ರೆ ತೋರಿಸ್ಬೇಕು. ನೀವು ಮೊದ್ಲೇ ಬಂದ್ರಿ, ಒಳ್ಳೇದೇ ಆಯ್ತು. ನಿಮ್ಮ ಮನೇಲಿ ಯಾರಾದ್ರೂ ತಡವಾಗಿ ಬೆಳೆದೋರು ಇದ್ದಾರಾ? ನಿಮಗೆ ಮೀಸೆ ಯಾವಾಗ ಬಂತು?"

ಅಣ್ಣ ಮೀಸೆ ಮುಟ್ಟಿಕೊಂಡು, "ಎಲ್ಲರ ಹಾಗೇ," ಅಂದ.

"ಮದುವೆ ಫೋಟೋದಲ್ಲಿ ಇರೋದು ಪೆನ್ಸಿಲಲ್ಲಿ ಬರೆದ ಮೀಸೆ ಡಾಕ್ಟ್ರೇ," ಅಂದಳು ಅತ್ತಿಗೆ. "ಸಂಜೆ ಹೊತ್ತಿಗೆ ಬೆವರಿಗೆ ಅಳಿಸಿ ಗಲ್ಲಕ್ಕೆ ಬಂದಿತ್ತು."

ಹುಡುಗ ಅಪ್ಪನ ಕಡೆ ತಿರುಗಿ ನೋಡಿದ. ಅಪ್ಪನಿಗೂ ಹೀಗಾಗಿತ್ತು ಎಂಬುದು ಅವನಿಗೆ ಮೊದಲ ಸಲ ಗೊತ್ತಾಗಿದ್ದು ಅಲ್ಲೇ. ಹದಿಮೂರು ವರ್ಷ ಒಂದೇ ಸೂರಿನ ಕೆಳಗಿದ್ದು ಹೇಳದ ಮಾತು.

"ಸರಿ," ಅಂದರು ಡಾಕ್ಟರು. "ಆದ್ರೆ ಬೆಳೀತಿದ್ದಾನೆ, ಕುಗ್ತಿದ್ದಾನೆ ಅಂದ್ರಲ್ಲ, ಅದು ಹೇಗೆ?"

ನಾನು ಪ್ಯಾಂಟು ಕೊಟ್ಟೆ. ಅವರು ಕಾಲಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಟ್ಟೆಯುದ್ದಕ್ಕೂ ಸೂಜಿ ಚುಚ್ಚಿದ ಸಣ್ಣ ಸಣ್ಣ ತೂತುಗಳ ಸಾಲು, ಒಂದರ ಮೇಲೊಂದು, ಏಣಿಯ ಮೆಟ್ಟಿಲ ಹಾಗೆ ಹೊಳೆದವು.

"ಇದೇನಿದು?"

ಅಣ್ಣ ನೆಲ ನೋಡಿದ. "ನಾನು ಸ್ವಲ್ಪ ಏರಿಸ್ತಿದ್ದೆ," ಅಂದ. "ಅವನು ಸ್ಕೂಲಿಗೆ ಹೋಗ್ಲಿ ಅಂತ."

ಅತ್ತಿಗೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ನಾನು ಇಳಿಸ್ತಿದ್ದೆ. ಇವನ ಕೈಲಿ."

ಎಲ್ಲರೂ ನನ್ನ ಕಡೆ ನೋಡಿದರು. ನನಗೂ ಆ ಕ್ಷಣದಲ್ಲೇ ಎಲ್ಲ ಅರ್ಥವಾಗಿದ್ದು. ಡಾಕ್ಟರು ಮೇಜಿನ ಡ್ರಾಯರು ತೆರೆದು ಅದರೊಳಗೆ ಬಹಳ ಹೊತ್ತು ಏನೋ ಹುಡುಕಿದರು. ಅವರ ಭುಜ ಅಲುಗುತ್ತಿತ್ತು.

ಹುಡುಗ ನಗಲಿಲ್ಲ. ಅವನು ಬೆಳೆದೇ ಇರಲಿಲ್ಲ ಎಂದು ಅವನಿಗೆ ಈಗ ಗೊತ್ತಾಗಿತ್ತು, ಅದೂ ಪರಸ್ಥಳದಲ್ಲಿ, ನಾಲ್ಕು ಜನರ ಮುಂದೆ. ಅಣ್ಣನ ಮುಖ ನೋಡಲಾಗುತ್ತಿರಲಿಲ್ಲ. ಚಿಂದಿ ಮೂಟೆ ಅವನ ಕಣ್ಣ ಮುಂದೆ ಬಂದಿತ್ತು. ನನ್ನ ಕಣ್ಣ ಮುಂದೆಯೂ.

ಹುಡುಗ ಪ್ಯಾಂಟು ಎತ್ತಿಕೊಂಡ. ಆ ತೂತುಗಳ ಮೇಲೆ ಹೆಬ್ಬೆರಳು ಸವರಿದ, ಮೇಲಿನಿಂದ ಕೆಳಕ್ಕೆ.

"ಇಷ್ಟೊಂದು ಸಲಾನಾ?" ಅಂದ.

ನಮ್ಮ ಮೂವರ ಕಡೆ ತಿರುಗಿದ.

"ಮೂರು ಜನ ಇದ್ದೀರ. ಒಬ್ಬರಿಗಾದ್ರೂ ನನ್ನನ್ನೇ ಕೇಳೋಣ ಅನ್ನಿಸ್ಲಿಲ್ವಾ? ನಾನು ಈಗ ಇವರನ್ನ ಕೇಳ್ದೆ, ಇವರು ಹೇಳಿದ್ರು. ಮುಗೀತು."

"ತಪ್ಪಾಯ್ತು ಮರಿ," ಅಂದ ಅಣ್ಣ. ಆಮೇಲೆ, ತಡೆಯಲಾರದೆ, "ಸ್ಕೂಲು?"

"ಹೋಗ್ತೀನಿ. ಚಿಕ್ಕಪ್ಪ ನನಗೆ ಬಟನ್ ಹಾಕೋದು ಕೂಡ ಸರಿಯಾಗಿ ಹೇಳಿಕೊಡಲ್ಲ, ಅಲ್ಲಿ ಕೂತು ಏನು ಮಾಡ್ಲಿ? ಆದ್ರೆ ಈ ಪ್ಯಾಂಟು ಇನ್ಮೇಲೆ ನಂದು. ಯಾರೂ ಮುಟ್ಟಬೇಡಿ."

ಮೂರು ಜನ ದೊಡ್ಡವರು ಒಟ್ಟಿಗೆ ತಲೆಯಾಡಿಸಿದೆವು. ಆ ಕೋಣೆಯಲ್ಲಿ ಎತ್ತರದ ಪ್ರಕಾರ ಸಾಲು ನಿಲ್ಲಿಸಿದ್ದರೆ ಯಾರು ಎಲ್ಲಿ ನಿಲ್ಲಬೇಕಿತ್ತು ಎಂದು ಪಿ.ಟಿ. ಮೇಷ್ಟ್ರನ್ನು ಕೇಳಬೇಕಿತ್ತು.

ಶಾಲೆಗೆ ಹೋದ, ಅದೇ ತೂತುಗಳ ಪ್ಯಾಂಟಿನಲ್ಲೇ. ತರಗತಿಯಲ್ಲಿ ಯಾರೋ ಇದೇನೋ ಎಂದು ನಕ್ಕರಂತೆ. "ಮೇಲಿನ ಸಾಲು ನಮ್ಮಪ್ಪಂದು, ಕೆಳಗಿಂದು ನಮ್ಮಮ್ಮಂದು" ಎಂದು ಪೂರ್ತಿ ಕಥೆ ಅವನೇ ಹೇಳಿದನಂತೆ. ಡಾಕ್ಟರು ಹೇಳಿದ್ದನ್ನೂ ಹೇಳಿದನಂತೆ. ನಗುತ್ತಿದ್ದವರು ಅರ್ಧದಲ್ಲಿ ನಗುವುದು ಬಿಟ್ಟು ಹತ್ತಿರ ಸರಿದು ಕೂತರಂತೆ.

ಅದಾಗಿ ಕೆಲವು ದಿನಕ್ಕೆ, ಅಂಗಡಿ ಖಾಲಿ ಇದ್ದ ಹೊತ್ತಿನಲ್ಲಿ, ದೊಡ್ಡಮ್ಮನ ಮಗ ಬಂದ. ಅದೇ ಮೀಸೆ, ಅದೇ ಡ್ರಮ್ಮು. ಬಾಗಿಲಿಗೆ ತಲೆ ತಗುಲದ ಹಾಗೆ ಬಗ್ಗಿ ಒಳಗೆ ಬಂದು, ಹೊಲಿಯುವ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಲೆಕ್ಕ ಮಾಡುತ್ತಿದ್ದ ಗುಂಡುಸೂಜಿಯ ಪಕ್ಕ ನಿಂತ.

"ಒಂದು ಕೇಳ್ಬೇಕಿತ್ತು."

"ಕೇಳು."

ಅವನು ಬಗ್ಗಿ ಕಿವಿಯಲ್ಲಿ ಏನೋ ಕೇಳಿದ. ಅಷ್ಟು ದಪ್ಪ ಧ್ವನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ದೊಡ್ಡವನಾದ ಹುಡುಗ. ಎಲ್ಲರೂ ಮೆಚ್ಚಿದ್ದೇ ಮೆಚ್ಚಿದ್ದು, ನಿನಗೆ ಹೆದರಿಕೆ ಆಗತ್ತಾ ಎಂದು ಒಬ್ಬನೂ ಕೇಳಿರಲಿಲ್ಲ. ಅಣ್ಣ ಯಂತ್ರ ನಿಲ್ಲಿಸಿದ. ನಾನೂ ನಿಲ್ಲಿಸಿದೆ.

ಗುಂಡುಸೂಜಿ ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿದ.

"ಅದು ನಾನು ಕೇಳ್ಲಿಲ್ಲ. ಡಾಕ್ಟ್ರಿಗೆ ಗೊತ್ತಿರತ್ತೆ. ಬಾ, ಕೇಳೋಣ."

ಮೇಜಿನಿಂದ ಕೆಳಗೆ ಹಾರಿದ. ಅಣ್ಣ ಚಪ್ಪಲಿ ಹುಡುಕುತ್ತಾ ಎದ್ದ. "ತಡಿ ಮರಿ, ನಾನೂ ಬರ್ತೀನಿ."

"ನೀನು ಕೂತ್ಕೋ ಅಪ್ಪ," ಅಂದ ಹುಡುಗ. "ಅವನಿಗೆ ನಾಚಿಕೆ ಆಗತ್ತೆ."

ಅಣ್ಣ ಕೂತ. ಇಬ್ಬರೂ ಬೀದಿಗಿಳಿದು ಡಾಕ್ಟರ ಕ್ಲಿನಿಕ್ಕಿನ ಕಡೆಗೆ ಹೋದರು. ಮುಂದೆ ಚಿಕ್ಕವನು, ಅವನ ಹಿಂದೆ ಮೀಸೆಯವನು.